ದೇರಣ್ಣ ಗೌಡರ ಕಂಬ, ದೇವಮ್ಮನವರ ತೊಲೆ

ಕಡಬ ಪೇಟೆಯಲ್ಲಿ ಬಸ್ಸು ಇಳಿದರೆ, ರಬ್ಬರ್ ಶೀಟು ಖರೀದಿಯ ಅಂಗಡಿಗೂ ಮೊಬೈಲ್ ರಿಪೇರಿಯ ಅಂಗಡಿಗೂ ನಡುವೆ ಒಂದು ಉಪ್ಪರಿಗೆ ಮನೆ ಕಾಣುತ್ತದೆ. ಅದೇ ನಮ್ಮ ಮ್ಯೂಸಿಯಂ. ಗೋಡೆ ಎಂಬುದು ಅದಕ್ಕೆ ಹೆಸರಿಗೆ ಮಾತ್ರ, ಮನೆ ನಿಂತಿರುವುದು ಮರದ ಮೇಲೆ. ಬೋಗಿ ಮರದ ಕಂಬಗಳು, ಅವುಗಳ ತಲೆಯ ಮೇಲೆ ಹಲಸಿನ ತೊಲೆಗಳು, ತೊಲೆಗಳ ಮೇಲೆ ಹಲಗೆಯ ಉಪ್ಪರಿಗೆ. ಇಡೀ ಮನೆಯಲ್ಲಿ ಒಂದೇ ಒಂದು ಕಬ್ಬಿಣದ ಮೊಳೆ ಇಲ್ಲ, ಎಲ್ಲ ಮರದ ಬೆಣೆ ಹೊಡೆದು ಕೂಡಿಸಿದ್ದು. ಇದನ್ನು ನಾನು ಬಂದವರಿಗೆಲ್ಲ ಹೇಳುತ್ತೇನೆ. ಕೇಳಿದ ಕೂಡಲೇ ಅವರು ಮೊಳೆ ಹುಡುಕಲು ಶುರು ಮಾಡುತ್ತಾರೆ.

ನಾನು ಪ್ರೀತಿಕಾ. ಆಲಂಕಾರಿನಿಂದ ಬೆಳಗಿನ ಬಸ್ಸಿಗೆ ಬಂದು ಬಾಗಿಲು ತೆಗೆಯುವವಳು, ಗುಡಿಸುವವಳು, ಟಿಕೆಟ್ ಹರಿಯುವವಳು, ವಿವರಣೆ ಕೊಡುವವಳು, ಎಲ್ಲ ನಾನೇ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮ್ಯೂಸಿಯಂ ಕಮಿಟಿಯ ಅಧ್ಯಕ್ಷರಾದ ಜವಳಿ ಅಂಗಡಿಯ ಅಚ್ಚುತಣ್ಣ ಊರಿಡೀ ಹೇಳಿಕೊಂಡು ಬಂದಿದ್ದಾರೆ. ಇರಬಹುದು. ನೂರು ವರ್ಷ ದಾಟಿದ ಕಂಬಕ್ಕೆ ಚೂಯಿಂಗ್ ಗಮ್ ಅಂಟಿಸುವವರನ್ನು ಕಂಡರೆ ಅಚ್ಚುತಣ್ಣನಿಗೆ ಏನಾಗುತ್ತದೋ ನನಗೆ ಗೊತ್ತಿಲ್ಲ, ನನಗಂತೂ ಮೈ ಉರಿಯುತ್ತದೆ.

ಈ ಮನೆ ಕುಶಾಲಪ್ಪ ಗೌಡರದ್ದು. ಅವರಿಗೆ ಇಬ್ಬರು ಮಕ್ಕಳು, ದೊಡ್ಡವಳು ದೇವಮ್ಮ, ಸಣ್ಣವನು ದೇರಣ್ಣ. ಪೇಟೆಯ ಇಕ್ಕಟ್ಟಿನ ಮನೆಗೆ ನಡುವೆ ಗೋಡೆ ಎಬ್ಬಿಸಿ ಪಾಲು ಮಾಡಿದರೆ ಎರಡು ಕಡೆಯವರಿಗೂ ಕಾಲು ಚಾಚಲು ಜಾಗ ಸಿಗುವುದಿಲ್ಲ. ಹಾಗಾಗಿ ಗೌಡರು ಮನೆಯನ್ನು ಬಿಟ್ಟು ಮರವನ್ನು ಪಾಲು ಮಾಡಿದರು. ಮೊಳೆ ಇಲ್ಲದ ಮನೆ, ಬೇಕಾದಾಗ ಬಿಚ್ಚಿ ಒಯ್ಯಬಹುದು. ಊರುಗೋಲಿನಿಂದ ಒಂದೊಂದಾಗಿ ತಟ್ಟುತ್ತಾ ಕಂಬಗಳೆಲ್ಲ ಮಗನಿಗೆ, ತೊಲೆಗಳೆಲ್ಲ ಮಗಳಿಗೆ ಎಂದರು. ಕಂಬ ತೊಲೆಯನ್ನು ಬಿಡುವುದಿಲ್ಲ, ತೊಲೆ ಕಂಬವನ್ನು ಬಿಡುವುದಿಲ್ಲ, ಮಕ್ಕಳು ಒಟ್ಟಿಗೆ ಇರುತ್ತಾರೆ ಎಂಬುದು ಅವರ ಎಣಿಕೆ. ಎಷ್ಟು ಚೆಂದದ ಎಣಿಕೆ, ಎಷ್ಟು ಚೆಂದಕ್ಕೆ ಕೈಕೊಟ್ಟಿತು.

ಗೌಡರು ಹೋದ ಮೇಲೆ, ಅವರ ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿಸಿ ಎಲ್ಲರೂ ಎಲೆಯಡಿಕೆ ಹಾಕುತ್ತಿದ್ದಾಗ, ದೇರಣ್ಣ ಗೌಡರು ತಮಾಷೆಗೆ ಹೇಳಿದರಂತೆ, "ನನ್ನ ಕಂಬ ಇಲ್ಲದಿದ್ದರೆ ಅಕ್ಕನ ತೊಲೆ ನೆಲದಲ್ಲಿ ಮಲಗ್ತಿತ್ತು." ದೇವಮ್ಮಜ್ಜಿ, "ನನ್ನ ತೊಲೆ ಒತ್ತಿ ಹಿಡೀದಿದ್ರೆ ನಿನ್ನ ಕಂಬ ಒಂದು ಗಾಳಿಗೆ ಬೀಳ್ತಿತ್ತು" ಅಂದರಂತೆ. ಅಷ್ಟೇ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮದುವೆಮನೆಯಲ್ಲಿ ಎದುರಾದರೆ ನಡುವೆ ಒಬ್ಬರನ್ನು ನಿಲ್ಲಿಸಿಕೊಂಡು ಅವರ ಮುಖಾಂತರ ಮಾತಾಡುತ್ತಾರೆ. ಹಾಗೆ ನಡುವೆ ನಿಂತವರು ಪಾಯಸ ಕಳೆದುಕೊಂಡದ್ದೂ ಉಂಟು.

ಮನೆಯನ್ನು ಮ್ಯೂಸಿಯಮ್ಮಿಗೆ ಕೊಡುವಾಗ ದೇರಣ್ಣ ಗೌಡರು ಎಲ್ಲ ಕೊಟ್ಟು ಚಾವಡಿಯ ನಡುಗಂಬವನ್ನು ಮಾತ್ರ ತನ್ನದೆಂದು ಇಟ್ಟುಕೊಂಡರು. ಅದನ್ನು ಕೇಳಿದ ದೇವಮ್ಮಜ್ಜಿ ಎಲ್ಲ ಕೊಟ್ಟು ಆ ಕಂಬದ ಮೇಲಿನ ತೊಲೆಯನ್ನು ಇಟ್ಟುಕೊಂಡರು. ಉಳಿದ ಮನೆ ಬಂತಲ್ಲ ಎಂದು ಕಮಿಟಿಯವರು ಹಲ್ಲು ಕಿರಿದು ಒಪ್ಪಿದರು.

ಆಮೇಲೆ ಅನುಭವಿಸಿದ್ದು ನಾನು. ದೇರಣ್ಣ ಗೌಡರು ಪೆರಾಬೆಯಿಂದ ವಾರಕ್ಕೊಮ್ಮೆ ಕಂಬ ನೋಡಲು ಬರುತ್ತಾರೆ. ಟಿಕೆಟ್ ಕೇಳಿದರೆ, "ನನ್ನ ಕಂಬ ನೋಡ್ಲಿಕ್ಕೆ ನನಗೆ ಟಿಕೆಟಾ?" ಎನ್ನುತ್ತಾರೆ. ಸುತ್ತ ಕಟ್ಟಿದ ಹಗ್ಗ ದಾಟಿ ಒಳಗೆ ಹೋಗಿ, ಹೆಗಲ ಬೈರಾಸಿನಿಂದ ಅದನ್ನು ಒರೆಸಿ, ಒರಗಿ ನಿಂತು ಎಲೆಯಡಿಕೆ ಹಾಕುತ್ತಾರೆ. ನಾನು ಗಂಟಲು ಹರಿದುಕೊಂಡು ಇಡೀ ಮನೆಯ ಚರಿತ್ರೆ ಹೇಳುತ್ತಿದ್ದರೆ, ಅವರು ಬಂದವರನ್ನು ಕರೆದು, "ಇದೊಂದು ನೋಡಿ ಸಾಕು, ಉಳಿದದ್ದೆಲ್ಲ ಸಾಮಾನ್ಯ" ಎನ್ನುತ್ತಾರೆ. ಜನ ಅವರ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ನನ್ನ ಜೊತೆ ಇದುವರೆಗೆ ಒಬ್ಬರೂ ತೆಗೆದುಕೊಂಡಿಲ್ಲ.

ಹೀಗಿರುವಾಗ ಅವರ ಮಗ ಪೆರಾಬೆಯಲ್ಲಿ ಹೊಸ ತಾರಸಿ ಮನೆ ಕಟ್ಟಿಸಿದ. ಮನೆ ಒಕ್ಕಲಿನ ದಿನ ಹತ್ತಿರ ಬಂತು. ಗೌಡರು ಬಂದು ನಡುಗಂಬವನ್ನು ಬಿಚ್ಚಿ ಒಯ್ದು ಹೊಸ ಮನೆಯ ಮುಂದಿನ ಸಿಟೌಟಿನಲ್ಲಿ ನಿಲ್ಲಿಸುತ್ತೇನೆ ಎಂದರು. ಆ ಮನೆ ಕಾಂಕ್ರೀಟಿನ ಮೇಲೆ ಆರಾಮವಾಗಿ ನಿಂತಿದೆ. ಅಲ್ಲಿ ಕಂಬಕ್ಕೆ ಕೆಲಸವೇ ಇಲ್ಲ, ಪಾಲಿಶ್ ಮೆತ್ತಿಸಿಕೊಂಡು ಬಂದವರ ಮುಖ ನೋಡುವುದೊಂದೇ. ನಾನು ಅಚ್ಚುತಣ್ಣನ ಹತ್ತಿರ ಓಡಿದೆ. "ಅವರ ಕಂಬ ಅವರು ಕೊಂಡೋಗ್ತಾರೆ, ನಾವೆಂತ ಮಾಡುದು? ಅಲ್ಲಿಗೆ ಒಂದು ಕಬ್ಬಿಣದ ಪೈಪು ಕೊಡುವ. ಉಪ್ಪರಿಗೆಗೆ ಜನ ಹತ್ತುದು ಬೇಡ" ಎಂದು ಸೀರೆ ಮಡಚತೊಡಗಿದರು.

ಮೊಳೆಯೂ ಇಲ್ಲದ ಮನೆಗೆ ಪೈಪು. ಬೀದಿಯ ಕಡೆಗೆ ತೆರೆಯುವ ಮರದ ಜಾಲರಿ, ಕುಶಾಲಪ್ಪ ಗೌಡರ ಮಂಚ, ಸಂಜೆ ಬಿಸಿಲು ಬಿದ್ದರೆ ಜೇನಿನ ಬಣ್ಣಕ್ಕೆ ತಿರುಗುವ ಹಲಗೆಗಳು, ಎಲ್ಲ ಇರುವುದು ಉಪ್ಪರಿಗೆಯಲ್ಲೇ. ಅದನ್ನು ಮುಚ್ಚಿದ ಮೇಲೆ ಯಾರು ಬರುತ್ತಾರೆ, ಎಂತದ್ದಕ್ಕೆ ಬರುತ್ತಾರೆ? ನನ್ನ ಕೆಲಸ ಹೋಗುತ್ತದೆ ಎಂಬ ಹೆದರಿಕೆಯೂ ಇತ್ತು, ಸುಳ್ಳು ಯಾಕೆ ಹೇಳಬೇಕು. ಆದರೆ ಅದಕ್ಕಿಂತ ಹೆಚ್ಚಾಗಿ ಆ ಮನೆ ಕುಂಟುವುದನ್ನು ನೆನೆಸಿಕೊಂಡೇ ನನಗೆ ಬಸ್ಸಿನಲ್ಲಿ ಅಳು ಬಂತು. ಪಕ್ಕದಲ್ಲಿ ಕೂತ ಹೆಂಗಸು ಯಾರು ತೀರಿಹೋದದ್ದು ಎಂದು ಕೇಳಿದರು.

ಬುಧವಾರ ಗೌಡರು ಮರದ ಕೆಲಸದ ಕುಕ್ಕಪ್ಪಣ್ಣನನ್ನು ಕರೆದುಕೊಂಡು ಲತೀಶನ ಜೀಪಿನಲ್ಲಿ ಬಂದಿಳಿದರು. ಮೊದಲು ತೊಲೆಗೆ ಜೀಪಿನ ಜಾಕ್ ಕೊಡುವುದು, ಆಮೇಲೆ ಬೆಣೆ ತೆಗೆಯುವುದು ಎಂದು ಕುಕ್ಕಪ್ಪಣ್ಣ ಹೇಳಿದ. ಹೊರಗೆ ಬಂದು ನೋಡಿದರೆ ಜೀಪಿಲ್ಲ. ಯಾರೋ ಕೈ ತೋರಿಸಿದರೆಂದು ಲತೀಶ ಒಂದು ಟ್ರಿಪ್ಪಿಗೆ ಆಲಂಕಾರಿಗೆ ಹೋಗಿದ್ದ, ಜಾಕ್ ಸಮೇತ.

"ಹನ್ನೆರಡಕ್ಕೆ ರಾಹುಕಾಲ. ಅದಕ್ಕೆ ಮೊದಲು ಶುರುವಾಗ್ಬೇಕು. ನೀನು ಬೆಣೆ ಸ್ವಲ್ಪ ಸಡಿಲ ಮಾಡು ಮಾರಾಯ," ಎಂದರು ಗೌಡರು.

"ಸಡಿಲ ಅಂದ್ರೆ ಎಷ್ಟು?" ಎಂದ ಕುಕ್ಕಪ್ಪಣ್ಣ.

"ಶಾಸ್ತ್ರಕ್ಕೆ."

ನಾನು ಅಡ್ಡ ನಿಂತೆ, ಬೈದೆ, ಅಚ್ಚುತಣ್ಣನಿಗೆ ಫೋನ್ ಮಾಡಿದೆ. ಅದು ಸ್ವಿಚ್ ಆಫ್. ಕುಕ್ಕಪ್ಪಣ್ಣ ಶಾಸ್ತ್ರಕ್ಕೆಂದು ಒಂದೇ ಏಟು ಹಾಕಿದ. ಬೆಣೆ ಟಣ್ಣನೆ ಹಾರಿ ಟಿಕೆಟ್ ಮೇಜಿನ ಕೆಳಗೆ ಹೋಯಿತು. ತೊಲೆ ಒಂದು ಸಲ ನರಳಿ, ಕಂಬದ ತಲೆಯಿಂದ ಒಂದಿಷ್ಟು ಜಾರಿ, ನಮ್ಮ ಮೇಲೆಲ್ಲ ಧೂಳು ಸುರಿಸಿತು.

ಗೌಡರು ಉದ್ದ ಆಳು. ಎದುರಿಗಿದ್ದ ಬೆಂಚಿನ ಮೇಲೆ ನೆಗೆದು ಎರಡೂ ಅಂಗೈಯನ್ನು ತೊಲೆಗೆ ಕೊಟ್ಟು ನಿಂತರು. ಅದು ಮ್ಯೂಸಿಯಮ್ಮಿನ ಹಳೇ ಬೆಂಚು, ಕೂರಬಾರದು ಎಂದು ನಾನೇ ಬೋರ್ಡು ಬರೆದಿಟ್ಟದ್ದು. ಅಂಥ ಹೊತ್ತಿನಲ್ಲೂ ನನ್ನ ಬಾಯಿಗೆ ಬಂದದ್ದು, "ಗೌಡ್ರೆ, ಬೆಂಚಿನಿಂದ ಇಳೀರಿ" ಎಂದೇ.

"ಇಳಿಬೇಡಿ. ಕೈ ಬಿಟ್ರೆ ನಾನು ಜವಾಬ್ದಾರಿ ಅಲ್ಲ," ಎಂದ ಕುಕ್ಕಪ್ಪಣ್ಣ. ಪುತ್ತೂರಿನಿಂದ ಬಂದಿದ್ದ ಗಂಡ ಹೆಂಡತಿ ಇಬ್ಬರು ಮೊಬೈಲು ಎತ್ತಿ ವಿಡಿಯೋ ಮಾಡುತ್ತಿದ್ದರು. ಗಂಡ ನನ್ನ ಹತ್ತಿರ, "ಮೇಡಂ, ಇದು ದಿನಾ ಉಂಟಾ, ಅಲ್ಲ ಬುಧವಾರ ಮಾತ್ರವಾ?" ಎಂದು ಕೇಳಿದ.

ನಾನು ಮೇಜಿನ ಕೆಳಗೆ ತೆವಳಿ ಬೆಣೆ ತಂದು ಕುಕ್ಕಪ್ಪಣ್ಣನ ಕೈಗೆ ಕೊಟ್ಟು, ಕೂಡಲೇ ತೊಲೆ ಎತ್ತಿ ಬೆಣೆ ಹೊಡೆ ಎಂದೆ. ಅವನು ಕೈ ಕಟ್ಟಿ ನಿಂತ. "ಕಂಬ ಗೌಡ್ರದ್ದು, ಅವರು ಹೇಳಿದ್ರು, ಮುಟ್ಟಿದೆ. ತೊಲೆ ದೇವಮ್ಮಕ್ಕನದ್ದು. ಅದಕ್ಕೆ ಜಾಕ್ ಆನಿಸುದು ಬೇರೆ, ಎತ್ತುದು ಬೇರೆ. ಮರದ ಯಜಮಾನರು ಬಾಯಿಬಿಟ್ಟು ಹೇಳದೆ ನಾವು ಮರಕ್ಕೆ ಕೈ ಹಾಕುದಿಲ್ಲ. ನನ್ನಪ್ಪನೂ ಹಾಕಿದವರಲ್ಲ."

"ಮನೆ ಬೀಳ್ತಾ ಉಂಟು," ಎಂದೆ.

"ಬೀಳ್ಲಿ. ಕ್ರಮ ಕ್ರಮವೇ."

ಈ ಮನುಷ್ಯನನ್ನು ಆಮೇಲೆ ನೋಡಿಕೊಳ್ಳೋಣ ಎಂದು ನಾನು ಪೇಟೆಯ ಹಿಂದಿನ ಓಣಿಗೆ ಓಡಿದೆ. ದೇವಮ್ಮಜ್ಜಿ ಅಡಿಗೆ ಮುಗಿಸಿ ಉಣ್ಣಲು ಕೂರುವುದರಲ್ಲಿದ್ದರು. ವಿಷಯ ಕೇಳಿ ಗಾಬರಿಯೇನೂ ಆಗಲಿಲ್ಲ. ಪೇಟೆಗೆ ಹೋಗುವುದಲ್ವಾ ಎಂದು ಬೇರೆ ಸೀರೆ ಉಟ್ಟರು. ಕನ್ನಡಿ ನೋಡಿದರು. ದಾರಿಯಲ್ಲಿ ರಬ್ಬರ್ ಅಂಗಡಿಯವನ ಮಗಳ ಬಾಣಂತನದ ವಿಚಾರ ಕೇಳಿದರು. ನನಗೆ ಅವರನ್ನು ಎತ್ತಿಕೊಂಡೇ ಓಡುವ ಅಂತ ಅನಿಸಿತು.

ಅಜ್ಜಿ ಬಂದು, ಟಿಕೆಟ್ ಮೇಜಿನ ಹಿಂದಿನ ನನ್ನ ಕುರ್ಚಿಯಲ್ಲಿ ಕೂತು, ಕೈ ಮೇಲೆತ್ತಿ ನಿಂತ ತಮ್ಮನನ್ನು ಚೆನ್ನಾಗಿ ನೋಡಿದರು. "ಪ್ರೀತಿಕಾ, ಅವನತ್ರ ಕೇಳು, ತೊಲೆ ಭಾರ ಉಂಟಾ ಅಂತ."

ತಮ್ಮ ಇರುವುದು ನಾಲ್ಕು ಮಾರು ದೂರದಲ್ಲಿ. ನಾನು ಕೇಳಿದೆ.

"ಎಂತ ಭಾರವೂ ಇಲ್ಲ ಹೇಳು," ಎಂದರು ಗೌಡರು. ಬೆವರು ಗಡ್ಡದಿಂದ ಬೆಂಚಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಭಾರ ಇಲ್ಲದಿದ್ರೆ ಹಿಡ್ಕೊಳ್ಲಿ. ನನಗೆ ಊಟ ಆಗ್ಲಿಲ್ಲ," ಎಂದು ಅಜ್ಜಿ ಎದ್ದರು.

ನನಗೆ ಸಿಟ್ಟು ನೆತ್ತಿಗೇರಿತು. "ನಾನೆಂತ ನಿಮ್ಮ ಪೋಸ್ಟ್‌ಮ್ಯಾನಾ? ಇನ್ನು ಒಂದು ಮಾತೂ ದಾಟಿಸುದಿಲ್ಲ. ಮನೆ ಬಿದ್ರೆ ಇಬ್ಬರೂ ಮರ ಹೆಕ್ಕಿಕೊಳ್ಳಿ," ಎಂದು ಕೂಗಿ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಪುತ್ತೂರಿನವರು ಮೊಬೈಲನ್ನು ನನ್ನ ಕಡೆ ತಿರುಗಿಸಿದರು.

ಗೌಡರ ತೋಳು ಗಡಗಡ ನಡುಗುತ್ತಿತ್ತು. ಮತ್ತೆ ಅವರು ತೊಲೆಯನ್ನೇ ನೋಡುತ್ತಾ, ತೀರಾ ಸಣ್ಣ ಸ್ವರದಲ್ಲಿ, "ಭಾರ ಉಂಟು ಅಕ್ಕ" ಎಂದರು.

ದೇವಮ್ಮಜ್ಜಿ ಬಾಗಿಲ ಹತ್ತಿರ ಹೋದವರು ನಿಂತರು. ಸೆರಗಿನಿಂದ ಮೂಗು ಒರೆಸಿಕೊಂಡರು. "ಕುಕ್ಕಪ್ಪ, ನನ್ನ ತೊಲೆ ಎತ್ತು," ಎಂದರು. ಆಮೇಲೆ ಬೆಂಚಿನ ಹತ್ತಿರ ಬಂದು ತಮ್ಮನ ಮುಖ ನೋಡಿ ಅವರ ಮನೆಮಾತಾದ ಅರೆಭಾಷೆಯಲ್ಲಿ ಕೇಳಿದರು, "ಹಸಿವು ಉಟ್ಟಾ ನಿಂಗೆ?"

"ಉಟ್ಟು," ಎಂದರು ಗೌಡರು.

ಜಾಕ್ ಬರುವವರೆಗೆ ಗೌಡರು ಹಾಗೇ ನಿಲ್ಲಬೇಕು. ಅಜ್ಜಿ ಮನೆಗೆ ಹೋದರು, ಈ ಸಲ ಸೀರೆ ಬದಲಿಸಲಿಲ್ಲ. ಬಟ್ಟಲಲ್ಲಿ ಕುಚ್ಚಲಕ್ಕಿ ಅನ್ನ, ಬಸಳೆ ಪದಾರ್ಥ, ಒಣಮೀನಿನ ಚಟ್ನಿ ಹಿಡಿದುಕೊಂಡು ಬಂದರು. ಮ್ಯೂಸಿಯಮ್ಮಿನ ಒಳಗೆ ತಿಂಡಿ ತಿನಿಸು ತರಬಾರದು ಎಂದು ಬಾಗಿಲಲ್ಲೇ ದಪ್ಪ ಅಕ್ಷರದಲ್ಲಿ ಬರೆದಿದೆ. ನಾನು ಆ ಕಡೆ ಮುಖ ತಿರುಗಿಸಿದೆ. ಅಜ್ಜಿ ಬೆಂಚಿನ ಪಕ್ಕ ಒಂದು ಸ್ಟೂಲು ಎಳೆದು ಅದರ ಮೇಲೆ ಹತ್ತಿ ನಿಂತು, ಅನ್ನ ಕಲಸಿ, ತುತ್ತು ಮಾಡಿ, ಮೀಸೆ ನರೆತ ತಮ್ಮನ ಬಾಯಿಗೆ ಇಟ್ಟರು. ಅವರು ಅಗಿದರು. ಕಣ್ಣಲ್ಲಿ ನೀರು ಇಳಿಯಿತು, ಒರೆಸಿಕೊಳ್ಳಲು ಕೈ ಇಲ್ಲ. ಅಜ್ಜಿ ಎಡಗೈಯಲ್ಲಿ ಒರೆಸಿ ಇನ್ನೊಂದು ತುತ್ತು ಇಟ್ಟರು.

ಅಷ್ಟರಲ್ಲಿ ಲತೀಶ ಬಂದ. ಕುಕ್ಕಪ್ಪಣ್ಣ ಒಂದು ಮರದ ತುಂಡಿನ ಮೇಲೆ ಜಾಕ್ ಇಟ್ಟು, ಅದರ ಮೇಲೆ ಪಕ್ಕಾಸಿನ ಉದ್ದದ ಮರ ನಿಲ್ಲಿಸಿ ಮೆಲ್ಲ ಎತ್ತತೊಡಗಿದ. ತೊಲೆ ಮೇಲೆ ಹೋಗಿ ಕಂಬದ ತಲೆಗೆ ಸರಿಯಾಗಿ ಕೂತಿತು. ಅವನು ಬೆಣೆ ಹಿಡಿದು ಗೌಡರ ಮುಖ ನೋಡಿದ. ಪೆರಾಬೆಯ ಸಿಟೌಟು ಅವನಿಗೂ ನೆನಪಿತ್ತು, ನನಗೂ ನೆನಪಿತ್ತು.

"ಹೊಡಿ," ಎಂದರು ಗೌಡರು, ಬಾಯ್ತುಂಬ ಅನ್ನ. "ಗಟ್ಟಿ ಹೊಡಿ. ಇನ್ನು ಯಾರು ಬಂದ್ರೂ ಅಲುಗಾಡ್ಬಾರ್ದು."

ಕುಕ್ಕಪ್ಪಣ್ಣ ಹೊಡೆದ. ಇಡೀ ಮನೆ ಒಂದು ಸಲ ಮೈಮುರಿದಂತೆ ಸದ್ದು ಮಾಡಿ ಸುಮ್ಮನಾಯಿತು. ನಾನು ಉಸಿರು ಬಿಟ್ಟೆ. ಜಾಕ್ ತೆಗೆದದ್ದಾಯಿತು, ಪಕ್ಕಾಸು ಗೋಡೆಗೆ ಒರಗಿಸಿದ್ದಾಯಿತು. ಪುತ್ತೂರಿನವರು ಚಪ್ಪಾಳೆ ತಟ್ಟಿ ಹೊರಟುಹೋದರು.

ಗೌಡರು ಮಾತ್ರ ಇನ್ನೂ ಹಾಗೇ ನಿಂತಿದ್ದರು. ತೊಲೆಗೂ ಅವರ ಅಂಗೈಗೂ ನಡುವೆ ಒಂದು ತೆಂಗಿನಕಾಯಿ ಹೋಗುವಷ್ಟು ಜಾಗ ಇತ್ತು. ಅದು ನನಗೆ ಕಂಡಿತು. ಅವರಿಗೆ ಕಾಣದೆ ಇರಲು ಸಾಧ್ಯವಿಲ್ಲ, ಅವರು ಅದನ್ನೇ ನೋಡುತ್ತಿದ್ದರು. ಸ್ಟೂಲಿನ ಮೇಲೆ ನಿಂತ ಅಜ್ಜಿಗೂ ಕಂಡಿತು. ಅವರು ಬಟ್ಟಲಿನ ಮೂಲೆಯಲ್ಲಿ ಉಳಿದ ಅನ್ನವನ್ನು ಒಟ್ಟು ಮಾಡಿ ಕಲಸುತ್ತಾ, "ಬಾಯಿ ತೆಗಿ" ಎಂದರು.

ಗೌಡರು ಎರಡೂ ಕೈ ಮೇಲೆ ಹಿಡಿದುಕೊಂಡೇ ಬಾಯಿ ತೆರೆದರು.

"ಗೌಡ್ರೆ, ಇನ್ನು ಕೈ..." ಎಂದು ಕುಕ್ಕಪ್ಪಣ್ಣ ಶುರು ಮಾಡಿದ. ನಾನು ಅವನ ಕಾಲನ್ನು ಬಲವಾಗಿ ಮೆಟ್ಟಿದೆ.