ಮಾರಿಹೋದ ಮಂಗಳವಾರ

"ತನುಶ್ರೀಗೆ ನೆಗಡಿ ಇನ್ನೂ ಬಿಟ್ಟಿಲ್ಲ. ಅವಳು ಕೆಮ್ಮಿದಾಗೆಲ್ಲ ನನಗೆ ಒಳಗೊಳಗೇ ಖುಷಿ. ಇದೂ ಒಂದು ಕಾಯಿಲೆ ಇರಬಹುದೇ?" ಎಂದು ಡೈರಿಯಲ್ಲಿ ಬರೆದ ಕಾತ್ಯಾಯಿನಿ, ಯಾರೋ ಇಣುಕಿದರೇನೋ ಎಂಬಂತೆ ಪುಟವನ್ನು ಅಂಗೈಯಿಂದ ಮುಚ್ಚಿಕೊಂಡಳು. ಪಕ್ಕದ ಕೋಣೆಯಿಂದ ಮತ್ತೊಂದು ಕೆಮ್ಮು ಕೇಳಿಸಿತು. ಮತ್ತೆ ಖುಷಿಯಾಯಿತು.

ಎಂ.ಎಸ್‌ಸಿ. ಮುಗಿಸಿ ಕಡಲಾಚೆಯ ಕ್ಯಾಸಲ್‌ನಾಕ್‌ನಲ್ಲಿ ಒಂದೇ ಮನೆ ಹಿಡಿದಿದ್ದ ಗೆಳತಿಯರು ಇಬ್ಬರೂ. ಅಲ್ಲಿನ ಕನ್ನಡ ಬಳಗ ಪ್ರತಿ ಭಾನುವಾರ ಮಧ್ಯಾಹ್ನ ಒಂದು ಬಾಡಿಗೆ ಹಾಲ್‌ನಲ್ಲಿ ಸೇರಿ ಒಂದು ಜಪಾನಿ ಧಾರಾವಾಹಿ ನೋಡುತ್ತಿತ್ತು. ಅದರಲ್ಲಿ ಜನ ತಮ್ಮ ಸಾಧಾರಣ ದಿನಗಳನ್ನು ಒಂದು ಕಂಪನಿಗೆ ಮಾರುತ್ತಾರೆ. ಮಾರಿದ ದಿನ ತಲೆಯಿಂದ ಅಳಿಸಿಹೋಗುತ್ತದೆ. ನಾಯಕಿ ಅಪ್ಪನ ಜೊತೆ ಮನೆಯಲ್ಲೇ ಕಳೆದ, ಏನೂ ನಡೆಯದ ಒಂದು ಮಂಗಳವಾರವನ್ನು ಮಾರಿದ್ದಾಳೆ. ಅಪ್ಪ ಸತ್ತ ಮೇಲೆ ರಸೀದಿ ಹಿಡಿದು ಅದನ್ನು ಹುಡುಕುತ್ತ ಅಲೆಯುತ್ತಾಳೆ.

ಮಕ್ಕಳ ಮನೆಗೆ ಬಂದು ನೆಲೆಸಿದ ಹಿರಿಯರಿಗಾಗಿ ಕನ್ನಡ ಸಬ್‌ಟೈಟಲ್ ಬರೆದವಳು ಕಾತ್ಯಾಯಿನಿ. ತೆರೆಯ ಮೇಲಿನ ಅಪ್ಪ ಬರೀ 'ಊಟಕ್ಕೆ ಬಾ' ಎಂದ ಕಡೆಯೆಲ್ಲ ತೀರಿಹೋದ ತನ್ನ ಅಪ್ಪನ ಮಾತನ್ನು ಕೂರಿಸಿದ್ದಳು: 'ಅನ್ನ ಆರಿದ್ರೆ ಜಗಳಕ್ಕೂ ರುಚಿ ಇರಲ್ಲ, ಬಾ ಮಗಳೇ.'

ಮಾತು ಬಳಗದ ಬಾಯಲ್ಲೆಲ್ಲ ಓಡಾಡಿತು. ಸಬ್‌ಟೈಟಲ್ ಬರೆದವರೆಂದು ತೆರೆಯ ಮೇಲೆ ಬಂದ ಹೆಸರು ಮಾತ್ರ ತನುಶ್ರೀಯದು.

"ನೀನೇ ಸ್ಟೇಜ್ ಅಂದ್ರೆ ನಡುಗ್ತೀಯ. ಯಾರದ್ದಾದ್ರೂ ಒಂದ್ ಹೆಸ್ರು ಬೇಕಿತ್ತು, ಹಾಕ್ದೆ. ಗ್ರ್ಯಾಂಡ್ ಅಲ್ವಾ?" ಎಂದಿದ್ದಳು ತನುಶ್ರೀ.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಆ ಸಾಲು ಎಲ್ಲಿಂದ ಬಂತೆಂದು ಬಳಗದ ಹಿರಿಯರಲ್ಲೊಬ್ಬರಾದ ಚಂದ್ರಾವತಿ ಆಂಟಿ ಕೇಳಿದಾಗ, ತನುಶ್ರೀ ಕಣ್ಣು ತೇವ ಮಾಡಿಕೊಂಡು, "ನಮ್ಮಪ್ಪ ಹೇಳ್ತಿದ್ರು, ಆಂಟಿ" ಎಂದಳು. ಕಾತ್ಯಾಯಿನಿ ಪಕ್ಕದಲ್ಲೇ ಚಹಾದ ಕಪ್ಪುಗಳನ್ನು ಜೋಡಿಸುತ್ತಿದ್ದಳು.

ಕೊನೆಯ ಕಂತಿನಲ್ಲಿ ಸೇಡು ತೀರಿಸಿಕೊಳ್ಳಲು ಅವಳು ಮೂರು ಸಂಜೆ ಕೂತಳು. ನಾಯಕಿಗೆ ಮಂಗಳವಾರ ಮರಳಿ ಸಿಗುವ ಗಳಿಗೆಯಲ್ಲಿ ಅಪ್ಪ ಬಾಗಿಲಿಗೆ ಬಂದು ಬಾಯಿ ತೆರೆಯುತ್ತಾನೆ. ಅಲ್ಲಿ ಅಪ್ಪನ ಮಾತನ್ನು ಅಳಿಸಿ, ತನುಶ್ರೀ ಹಿಂದೊಮ್ಮೆ ತನಗೆ ಫೋನಿನಲ್ಲಿ ಕಳಿಸಿದ್ದ ಮಾತನ್ನೇ ಅವಳ ಹೆಸರಿನ ಸಮೇತ ಹಾಕಿದಳು: 'ಆ ಚಂದ್ರಾವತಿ ಆಂಟಿದು ಕಣ್ಣಲ್ಲ ಕಣೇ, ವಾಷರ್ ಹೋದ ನಲ್ಲಿ. ಗಂಡ ಸತ್ತು ನಾಲ್ಕು ವರ್ಷ ಆದ್ರೂ ಸೋರ್ತಾನೇ ಇದೆ.' ಅಕ್ಷರ ದಪ್ಪಗೆ, ಹಳದಿ ಬಣ್ಣದಲ್ಲಿ. ಹಿಂದಿನ ಸಾಲಿನವರಿಗೂ ಕಾಣಲಿ!

ಭಾನುವಾರ ಹಾಲ್ ತುಂಬಿತ್ತು. ತನುಶ್ರೀ ರೇಷ್ಮೆ ಸೀರೆ ಉಟ್ಟು ಮುಂದಿನ ಕುರ್ಚಿಯಲ್ಲಿ ಮೆರೆಯುತ್ತಿದ್ದಳು. ಲ್ಯಾಪ್‌ಟಾಪ್ ಮುಂದೆ ಕೂತ ಕಾತ್ಯಾಯಿನಿ ನಿಮಿಷಗಳನ್ನು ಎಣಿಸುತ್ತಿದ್ದಳು. ನಲವತ್ತು. ನಲವತ್ತೊಂದು. ಬೇಟೆಯ ಬೆಕ್ಕಿನಷ್ಟು ತಣ್ಣಗಿದ್ದಳು.

ಅಷ್ಟರಲ್ಲಿ ಚಂದ್ರಾವತಿ ಆಂಟಿ ಕುರ್ಚಿ ಎಳೆದುಕೊಂಡು ಅವಳ ಪಕ್ಕಕ್ಕೇ ಬಂದರು. ಅವಳ ಎಡಗೈ ಹಿಡಿದುಕೊಂಡು ಪಿಸುಗುಟ್ಟಿದರು: "ಈಗ ಬರುತ್ತೆ ನೋಡು ಪುಟ್ಟಿ, ಆ ಮಾತು. ನಮ್ಮನೆಯವ್ರೇ ಕರ್ದಂಗಾಗುತ್ತೆ ನಂಗೆ."

ತೆರೆಯ ಮೇಲೆ ಬಾಗಿಲು ತೆರೆಯಿತು. ಜಪಾನಿ ಅಪ್ಪ ಸೌಟು ಹಿಡಿದು ಬಂದ. ತನ್ನ ಅಪ್ಪ ನಿಲ್ಲಬೇಕಾದ ಜಾಗದಲ್ಲಿ ತಾನೇ ಆ ಕೊಳಕು ಮಾತನ್ನು ನಿಲ್ಲಿಸಿದ್ದೇನೆ ಎಂಬುದು ಕಾತ್ಯಾಯಿನಿಗೆ ಆಗ ಹೊಳೆಯಿತು. ಅಪ್ಪನ ಮಂಗಳವಾರವನ್ನು ತನುಶ್ರೀ ಕದ್ದಿದ್ದಳು. ಮಾರಲು ಹೊರಟವಳು ತಾನು.

ಹಳದಿ ಅಕ್ಷರ ಮೂಡುವ ಮೊದಲೇ ಬಲಗೈ ಲ್ಯಾಪ್‌ಟಾಪ್‌ನ ಕೀಲಿಯನ್ನು ಒತ್ತಿತು. ಬಾಯಿ ಅರ್ಧ ತೆರೆದ ಅಪ್ಪ ತೆರೆಯ ಮೇಲೆ ಹಾಗೇ ನಿಂತ.

"ಏನಾಯ್ತೇ? ವೈಫೈ ಹೋಯ್ತಾ?" ತನುಶ್ರೀ ತಿರುಗಿದಳು. ಯಾರೋ ಗೊಣಗಿದರು. ಅವಳು ಎದ್ದು, ಸೆರಗು ಸರಿಪಡಿಸಿಕೊಂಡು, ಸಭೆಯತ್ತ ನಕ್ಕಳು. "ಪರ್ವಾಗಿಲ್ಲ ಬಿಡಿ, ಆ ಡೈಲಾಗ್ ನಾನೇ ಹೇಳ್ತೀನಿ. ನಮ್ಮಪ್ಪ ಯಾವಾಗ್ಲೂ..."

ಕಾತ್ಯಾಯಿನಿ ಎದ್ದು ನಿಂತಳು. ಆಂಟಿ ಕೈ ಬಿಟ್ಟಿರಲಿಲ್ಲ. ತನುಶ್ರೀಯ ಮೇಲೆ ಕರುಣೆಯಂತೂ ಕಾಳಷ್ಟೂ ಇರಲಿಲ್ಲ. ಆ ನಗು ಅಲ್ಲೇ ಆರುವುದನ್ನು ಕಣ್ಣಾರೆ ನೋಡಬೇಕಿತ್ತು.

"ನಿಮ್ಮಪ್ಪ ಅಲ್ಲ," ಎಂದಳು, ಹಿಂದಿನ ಸಾಲಿಗೂ ಕೇಳುವಂತೆ. "ಆ ಮಾತು ನಮ್ಮಪ್ಪಂದು."