ಖಾಲಿ ಹೊಡೆತ

ಸುಲಿದ ಆಲೂಗಡ್ಡೆ ಪಾತ್ರೆಯ ನೀರಿನಲ್ಲಿ ಮುಳುಗಿತ್ತು, ಒಲೆ ಮಾತ್ರ ಹಚ್ಚಿರಲಿಲ್ಲ. ಸೈಮಿ ಒಲೆಯ ತಿರುಪಿನ ಮೇಲೆ ಕೈಯಿಟ್ಟು ಹಿತ್ತಲಿನ 'ಧಪ್' ಸದ್ದಿಗಾಗಿ ಕಾಯುತ್ತಿದ್ದಳು. ಅದು ಬರಲಿಲ್ಲ. ಒಣಕೊಂಬೆ ಮುರಿದ ಹಾಗೆ 'ಛಟಾರ್' ಎಂದಿತು, ಆಮೇಲೆ ಏನೂ ಇಲ್ಲ.

ಬಂದೂಕಿನಂತೆ ಕುದುರೆ ಎಳೆದು ಹೊಡೆಯುವ ಅಡ್ಡಬಿಲ್ಲಿನ ಹೆದೆ ಒಮ್ಮೆ ಬಿಗಿದರೆ ಆ ಬಿಗಿ ಇಳಿಸಲು ಇರುವುದು ಒಂದೇ ದಾರಿ, ಹೊಡೆಯುವುದು. ಜಿಂಕೆ ಸಿಗದ ದಿನ ಅವಳ ಗಂಡ ಆರ್ವೋ ಮುಸ್ಸಂಜೆಗೆ ಕಾಡಿನಿಂದ ಹಿತ್ತಲಿಗೆ ಬಂದು, ಹಳೆಬಟ್ಟೆ ತುಂಬಿದ ಗೋಣಿಚೀಲಕ್ಕೆ ಒಂದು ಬಾಣ ಹೊಡೆದು ಬಿಗಿ ಇಳಿಸಿಯೇ ಒಳಗೆ ಬರುತ್ತಿದ್ದ. ಆ ಧಪ್ ಕೇಳಿದರೆ ಗಂಡ ಬಂದ ಎಂದರ್ಥ, ಒಲೆ ಹಚ್ಚು ಎಂದರ್ಥ. ಮೂರು ವರ್ಷದಿಂದ ಅವರ ಮನೆಯ ಗಡಿಯಾರ ಅದೇ.

ಮೂವತ್ತಾರು ವರ್ಷ ಕಬ್ಬಿಣದ ಗಣಿಯಲ್ಲಿ ಕಲ್ಲು ಪುಡಿಮಾಡುವ ಯಂತ್ರದ ಪಕ್ಕ ದುಡಿದವನು ಆರ್ವೋ. ನಿವೃತ್ತನಾಗುವ ಹೊತ್ತಿಗೆ ಬಲಭುಜ ಸೋತು, ಕೈಯಿಂದೆಳೆಯುವ ಬಿಲ್ಲು ಆಗದೆ ಅಡ್ಡಬಿಲ್ಲು ಕೊಂಡಿದ್ದ. "ಅದು ಬಿಲ್ಲಲ್ಲ ಮಾರಾಯ, ಮುದುಕರ ಊರುಗೋಲು" ಎಂದು ಜೊತೆಗಾರ ವೈಕ್ಕೋ ಆಡಿಕೊಂಡ. ಮುಂದಿನ ವರ್ಷ ತಾನೂ ಒಂದು ಊರುಗೋಲು ತಂದ, ಅದು ಬೇರೆ ಮಾತು. ಯಾರ ಬಾಣ ಯಾರದೆಂದು ಜಗಳವಾಗಬಾರದೆಂದು ವೈಕ್ಕೋ ಸತ್ತ ಹೆಂಡತಿಯ ಉಗುರುಬಣ್ಣ ತೆಗೆದು ತನ್ನ ಬಾಣಗಳಿಗೆಲ್ಲ ಕೆಂಪು ಬಳೆ ತೊಡಿಸಿದ್ದ. ಅಕ್ಟೋಬರ್ ಬಂತೆಂದರೆ ಇಬ್ಬರೂ ಮದುವಣಿಗರ ಹಾಗೆ ಬೆಳಕು ಹರಿಯುವ ಮೊದಲೇ ಎದ್ದು ಹೊರಡುತ್ತಿದ್ದರು. ಗಣಿಯಲ್ಲಿದ್ದಾಗ ನಗುವುದನ್ನೇ ಮರೆತಿದ್ದ ಗಂಡ ಊಟದ ಮೇಜಿನಲ್ಲಿ ಕುಳಿತು ಕೊಂಬಿನ ಜಿಂಕೆ ಹೇಗೆ ಕತ್ತು ತಿರುಗಿಸಿತೆಂದು ಅಭಿನಯಿಸಿ ತೋರಿಸುವಾಗ ಸೈಮಿಗೆ ಹೊಟ್ಟೆ ತುಂಬುತ್ತಿತ್ತು.

ಅವತ್ತು ಅವನು ಒಳಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಬಿಲ್ಲಿನ ಒಂದು ತೋಳು ಸೀಳಿತ್ತು, ಹೆದೆ ಎರಡು ತುಂಡಾಗಿ ಜೋತಾಡುತ್ತಿತ್ತು.

"ಹೆದೆ ಹರೀತು ಸೈಮಿ. ಕುದುರೆ ಎಳೆದದ್ದೇ ತಡ, ಛಟ್ ಅಂತು."

"ಬಾಣ ಇಟ್ಟಿದ್ಯಾ?"

"ಇಡದೆ ಹೊಡೀತಾರಾ? ನನಗೇನು ತಲೆ ಕೆಟ್ಟಿದೆಯಾ?"

ಅವಳ ಕಣ್ಣು ಸೀಳಿದ ತೋಳಿನ ಮೇಲೆಯೇ ಇತ್ತು. ಬಿಲ್ಲು ಕೊಂಡ ದಿನ ಅಂಗಡಿಯ ಗಾರ್ಡಿ ಹೇಳಿದ್ದ ಎಚ್ಚರಿಕೆ ಒಂದೇ: "ಮಳೆಗೆ ಹೆದರಬೇಡಿ, ಚಳಿಗೆ ಹೆದರಬೇಡಿ. ಬಾಣ ಇಡದೆ ಮಾತ್ರ ಹೊಡೀಬೇಡಿ. ಖಾಲಿ ಹೊಡೆತಕ್ಕೆ ತೋಳು ಸೀಳಿ ಹೋಗುತ್ತೆ." ಅವಳು ಬತ್ತಳಿಕೆ ನೋಡಿದಳು. ಬೇಟೆಯ ಬಾಣ ಮೂರೂ ಅಲ್ಲೇ ಇದ್ದವು. ಬಿಗಿ ಇಳಿಸಲೆಂದೇ ಇಟ್ಟುಕೊಂಡಿದ್ದ ಮೊಂಡುಬಾಣ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು.

"ಅದರ ಮೂತಿ ಸಡಿಲ ಆಗಿದೆ ಅಂತ ಬಿಟ್ಟುಹೋಗಿದ್ದೆ. ಬೆಳಗ್ಗೆ ವೈಕ್ಕೋ ತನ್ನದೊಂದು ಕೊಟ್ಟ. ಅದನ್ನೇ ಹೊಡೆದದ್ದು. ಎಲ್ಲಿಗೆ ಹಾರಿತೋ ಏನೋ" ಎಂದ ಆರ್ವೋ. ಟಾರ್ಚು ಹಿಡಿದು ಇಬ್ಬರೂ ಗೋಣಿಯ ಸುತ್ತ ಹುಡುಕಿದರು. ಅಷ್ಟರಲ್ಲಿ ಸುಪೀರಿಯರ್ ಸರೋವರದ ಕಡೆಯಿಂದ ಹಿಮ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಹಿತ್ತಲಲ್ಲಿ ಮೊಣಕಾಲುದ್ದ ಬಿದ್ದಿತ್ತು.

ಸೈಮಿ ವೈಕ್ಕೋನಿಗೆ ಫೋನು ಮಾಡಿದಳು.

"ಬಾಣವಾ? ನಾನೆಲ್ಲಿ ಕೊಟ್ಟೆ? ಇಲ್ವಲ್ಲಾ ಮಾರಾಯ್ತಿ. ಅವನ ಬಾಣ ಅವನ ಹತ್ರ, ನನ್ನದು ನನ್ನ ಹತ್ರ."

ವೈಕ್ಕೋನಿಗೆ ಎಂಬತ್ತರ ಹತ್ತಿರ ಎಂಬುದು ಆ ಹೊತ್ತಿಗೆ ಅವಳಿಗೆ ಹೊಳೆಯಲೇ ಇಲ್ಲ. ಹೊಳೆದದ್ದೆಲ್ಲ ಗಂಡನ ಮನೆತನದ ಕಾಯಿಲೆ. ಮಾವನಿಗೆ ಕೊನೆಕೊನೆಗೆ ಸ್ವಂತ ಮಗನ ಗುರುತೂ ಹತ್ತುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ಆರ್ವೋ ಸೌನಾದಲ್ಲಿ ಬೆವರಿ ಮಿಂದು, ಅಲ್ಲಿನ ಒಲೆ ಉರಿಯಲು ಬಿಟ್ಟೇ ಬಂದಿದ್ದ. ಮಗಳು ಡೋರೀನ್‌ಳನ್ನು ಎರಡು ಸಲ ತನ್ನ ತಂಗಿಯ ಹೆಸರಿನಿಂದ ಕರೆದಿದ್ದ. ಒಂದೊಂದಾಗಿ ನೋಡಿದರೆ ಯಾರ ಮನೆಯಲ್ಲಿಲ್ಲ ಇವೆಲ್ಲ? ಒಟ್ಟುಹಾಕಿದರೆ ಹೆದರಿಕೆಯಾಗುತ್ತಿತ್ತು.

ಬಿಲ್ಲನ್ನು ಅಂಗಡಿಗೆ ಒಯ್ದವಳು ಅವಳೇ. ತಯಾರಿಸಿದ ಕಂಪನಿಗೆ ಕಳಿಸುವ ಕಾಗದದಲ್ಲಿ ಒಂದು ಪ್ರಶ್ನೆಯಿತ್ತು: ಖಾಲಿ ಹೊಡೆತವೇ? ಹೌದು, ಇಲ್ಲ.

"ಇಲ್ಲ ಅಂತ ಗುರುತು ಹಾಕಿ ಅಮ್ಮಾ. ಹತ್ತು ದಿನದಲ್ಲಿ ಹೊಸದು ಬರುತ್ತೆ" ಎಂದ ಗಾರ್ಡಿ.

ಸೈಮಿ ಪೆನ್ನು ಹಿಡಿದಳು. ಬಾಣ ಇಡುವುದನ್ನೇ ಮರೆಯುವವನ ಕೈಗೆ ಮತ್ತೆ ಬಿಲ್ಲು ಕೊಟ್ಟರೆ, ನಾಳೆ ಬಾಣ ಇಟ್ಟದ್ದನ್ನೂ ಮರೆತರೆ? ವೈಕ್ಕೋ ಎದುರಿಗಿದ್ದರೆ? ಹೌದು ಎಂಬಲ್ಲಿ ಗುರುತು ಹಾಕಿದಳು.

ಗಾರ್ಡಿ ಕನ್ನಡಕ ಏರಿಸಿ ಕಾಗದ ನೋಡಿದ, ಅವಳ ಮುಖ ನೋಡಿದ. "ಇಪ್ಪತ್ತೆರಡು ವರ್ಷದಿಂದ ಅಂಗಡಿ ಇಟ್ಟಿದ್ದೀನಿ. ಹೌದು ಅಂದೋರು ನೀವೇ ಮೊದಲು."

ಎರಡು ವಾರಕ್ಕೆ ಒಡಕು ಬಿಲ್ಲಿನ ಜೊತೆ ಪತ್ರ ಬಂತು. ಖಾಲಿ ಹೊಡೆತವೆಂದು ಮಾಲೀಕರೇ ಒಪ್ಪಿರುವುದರಿಂದ ಬದಲಿ ಕೊಡಲಾಗದು. ಆರ್ವೋ ನಿಂತಲ್ಲೇ ಓದಿದ.

"ಒಪ್ಪಿದ್ದು ಯಾರು? ನೀನಾ?"

"ಹೂಂ."

"ಬಾಣ ಇಟ್ಟಿದ್ದೆ ಸೈಮಿ. ನನ್ನ ಕೈಯಾರೆ ಇಟ್ಟಿದ್ದೆ."

"ನಿಮ್ಮಪ್ಪನೂ ಹೀಗೇ ಹೇಳ್ತಿದ್ರು!"

ಅಂದಳು, ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆರ್ವೋ ಪತ್ರವನ್ನು ಇದ್ದ ಮಡಿಕೆಯಲ್ಲೇ ಮಡಚಿ ಮೇಜಿನ ಮೇಲಿಟ್ಟ. ಬಾಣದ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಇನ್ನೊಂದು ಬಿಲ್ಲು ಕೊಳ್ಳುವ ಮಾತನ್ನು ಇಬ್ಬರೂ ಎತ್ತಲಿಲ್ಲ.

ಕ್ರಿಸ್‌ಮಸ್ಸಿಗೆ ಬಂದ ಡೋರೀನ್ "ಹಿಮದಲ್ಲಿ ನೀನ್ಯಾಕಪ್ಪಾ ಓಡಿಸ್ತೀಯಾ" ಎನ್ನುತ್ತ ಕಾರಿನ ಕೀಲಿಯನ್ನು ಅಮ್ಮನ ಕೈಗಿತ್ತಳು. ಅವನು ಬೇಡವೆನ್ನಲಿಲ್ಲ. ನೆನಪಿನ ಪರೀಕ್ಷೆಗೆಂದು ಕರೆದೊಯ್ದಾಗ ಡಾಕ್ಟರು ಮೂರು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳಿದರು. ಎರಡು ಹೇಳಿದ. "ಈ ವಯಸ್ಸಿಗೆ ಇದರಿಂದ ಏನೂ ಹೇಳಕ್ಕಾಗಲ್ಲ, ಕಾದು ನೋಡೋಣ" ಎಂದರು ಅವರು. ಕಾರಿನಲ್ಲಿ ಮನೆ ಮುಟ್ಟುವವರೆಗೂ ಅವನು ಆ ಮೂರನೆಯ ಪದವನ್ನೇ ಹುಡುಕುತ್ತಿದ್ದ.

ಜನವರಿಯಿಂದ ಅವನು ಕಿಟಕಿಯ ಪಕ್ಕದ ಕುರ್ಚಿ ಹಿಡಿದ. ಎಲ್ಲವನ್ನೂ ಅವಳನ್ನೇ ಕೇಳುವ. "ಕಾಫಿಗೆ ಸಕ್ಕರೆ ಹಾಕಿದ್ನಾ ನಾನು?" "ಬಾಗಿಲು ಹಾಕಿದ್ನಾ?" ಹಾಕಿಯೇ ಇರುತ್ತಿದ್ದ. ಆದರೂ ಎದ್ದು ಹೋಗಿ ನೋಡಿ ಬರುತ್ತಿದ್ದ. ವೈಕ್ಕೋ ಒಂದೆರಡು ಸಲ ಬಂದು ಕಾಡಿನ ಸುದ್ದಿ ಹೇಳಿದ, ಇವನು ಹೂಂಗುಟ್ಟಿದ. ಮುಸ್ಸಂಜೆಗೆ ಧಪ್ ಇಲ್ಲದೆ ಸೈಮಿಗೂ ಹೊತ್ತು ಗೊತ್ತಾಗುತ್ತಿರಲಿಲ್ಲ. ಎಷ್ಟೋ ದಿನ ಊಟದ ಹೊತ್ತು ಮೀರಿದ ಮೇಲೆ ಒಲೆ ಹಚ್ಚಿದ್ದುಂಟು.

ಏಪ್ರಿಲ್ ಕೊನೆಗೆ ಹಿಮ ಕರಗಿ, ಹಿತ್ತಲಿನ ಮೂಲೆಗಳಲ್ಲಷ್ಟೇ ಕೊಳಕು ಮುದ್ದೆಯಾಗಿ ಉಳಿಯಿತು. ಒಂದು ಸಂಜೆ ಸೈಮಿ ಸೌದೆ ತರಲು ಹೋದಳು. ಗೋಣಿಚೀಲದಿಂದ ಹತ್ತು ಹೆಜ್ಜೆ ಬಲಕ್ಕಿದ್ದ ಒಟ್ಟಿಲಿನಿಂದ ಎರಡು ಕೊರಡು ಎತ್ತಿದಳು. ಮೂರನೆಯದರ ಸಂದಿಯಲ್ಲಿ ಓರೆಯಾಗಿ ಏನೋ ಸಿಕ್ಕಿಕೊಂಡಿತ್ತು. ಎಳೆದಳು. ಬಾಣ. ಗರಿಯ ಕೆಳಗೆ ಉಗುರುಬಣ್ಣದ ಕೆಂಪು ಬಳೆ.

ಕೊರಡುಗಳು ಕೈಯಿಂದ ಜಾರಿದವು. ಅವನು ಹೇಳಿದ್ದು ನಿಜ. ಒಂದೊಂದು ಅಕ್ಷರವೂ ನಿಜ. ಬೂಟು ಕೂಡ ಕಳಚದೆ ಒಳಗೆ ಓಡಿ ಬಾಣವನ್ನು ಅವನೆದುರಿಗೆ ಹಿಡಿದಳು.

ಆರ್ವೋ ತೆಗೆದುಕೊಂಡ. ಕೆಂಪು ಬಳೆಯ ಮೇಲೆ ಹೆಬ್ಬೆರಳು ಆಡಿಸಿದ.

"ವೈಕ್ಕೋದು."

"ಹೌದು! ಸೌದೆ ಒಟ್ಟಿಲಲ್ಲಿತ್ತು. ನೀನು ಬಾಣ ಇಟ್ಟಿದ್ದೆ ಆರ್ವೋ. ಹೆದೆ ತಾನಾಗೇ ಹರಿದದ್ದು. ನೀನೇನೂ ಮರೆತಿರಲಿಲ್ಲ. ತಪ್ಪು ನಂದು, ನಂದೇ."

ಅವನು ಅವಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

"ಬಿಡು ಮಾರಾಯ್ತಿ. ಇದು ಯಾವ ಕಾಲದ್ದೋ ಏನೋ. ಅವತ್ತು ನಾನು ಮರೆತಿದ್ದೆ."

"ಇಲ್ಲ ಅಂತಿದ್ದೀನಲ್ಲ! ಕೇಳಿಲ್ಲಿ, ನೀನೇ ಹೇಳಿದ್ದೆ, ಕೈಯಾರೆ ಇಟ್ಟಿದ್ದೆ ಅಂತ..."

"ಹೇಳಿರಬಹುದು. ನನ್ನ ಮಾತು ಬಿಡು, ನಂಗೇನು ನೆನಪಿರುತ್ತೆ." ಅಳುವ ಮಗುವಿಗೆ ತಟ್ಟುವಂತೆ ಅವಳ ಕೈ ತಟ್ಟಿದ. "ನೀನು ಬತ್ತಳಿಕೆ ಎಣಿಸಿ ನೋಡಿದ್ಯಲ್ಲ. ನೀನು ಹೇಳಿದ ಮೇಲೆ ಮುಗೀತು."

ಬಾಣವನ್ನು ಜೋಪಾನವಾಗಿ ಮೇಜಿನ ಅಂಚಿಗಿಟ್ಟ. ಅದರಿಂದ ಹಿಮದ ನೀರು ಹಾಸಿನ ಮೇಲೆ ಇಳಿಯತೊಡಗಿತು. ಅವನು ಕಿಟಕಿಯತ್ತ ತಿರುಗಿದ. ಹೊರಗೆ ಬೆಳಕು ಸಣ್ಣಗಾಗುತ್ತಿತ್ತು.

"ಹೊತ್ತಾಯ್ತಲ್ಲ ಸೈಮಿ. ಒಲೆ ಹಚ್ಚಲ್ವಾ?"

ಆಲೂಗಡ್ಡೆ ತಣ್ಣೀರಿನಲ್ಲೇ ಇತ್ತು. ಸೈಮಿ ಒಲೆಯ ತಿರುಪಿನ ಮೇಲೆ ಕೈಯಿಟ್ಟು, ಹಿತ್ತಲಿನ ಕಡೆಗೆ ಕಿವಿಗೊಟ್ಟು ನಿಂತಳು.