ದಂತದ ಇಲಿ

ವಸಂತಕುಮಾರ್‌ಗೆ ಮಡಿ ಬಹಳ. ವಿಲೆಟನ್ನಿನ ಅವನ ಮನೆಯೊಳಗೆ ಮೊಟ್ಟೆ ಹಾಕಿದ ಕೇಕ್ ಬರುವಂತಿಲ್ಲ, ಚರ್ಮದ ಬೆಲ್ಟ್ ಕಟ್ಟಿಕೊಂಡು ದೇವರ ಮುಂದೆ ನಿಲ್ಲುವಂತಿಲ್ಲ. ಆದರೆ ಹಾಲ್‌ನಲ್ಲಿದ್ದ ಗಾಜಿನ ಕಪಾಟಿನ ತುಂಬ ಆನೆಯ ದಂತ! ಕಪ್ಪೆ, ಕೋತಿ, ಬೋಳುತಲೆಯ ಮುದುಕ, ಎಲ್ಲವೂ ಹೆಬ್ಬೆರಳಿನಷ್ಟು. ಬಟ್ಟೆಗೆ ಜೇಬಿಲ್ಲದ ಕಾಲದಲ್ಲಿ ಜಪಾನಿನವರು ಚೀಲವನ್ನು ನಡುಪಟ್ಟಿಗೆ ಸಿಕ್ಕಿಸಲು ಬಳಸುತ್ತಿದ್ದ ನೆಟ್ಸುಕೆ ಎಂಬ ಪುಟ್ಟ ಗೊಂಬೆಗಳಿವು. ಅವಕ್ಕಾಗಿ ಅಡಿಲೇಡ್, ಬ್ರಿಸ್ಬೇನ್ ಹರಾಜುಗಳಿಗೆಲ್ಲ ಓಡುತ್ತಿದ್ದ. ಹೆಂಡತಿ ಇಂದುಮತಿ ಕೇಳಿದರೆ, "ಅದು ಹಲ್ಲು ಕಣೆ, ಮಾಂಸ ಅಲ್ಲ" ಎನ್ನುತ್ತಿದ್ದ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ದಂತಕ್ಕೆ ಹೊಳಪು ಬರಲು ಮೈಯ ಜಿಡ್ಡು ಬೇಕಂತೆ. ಟಿವಿ ನೋಡುತ್ತ ಒಂದೊಂದನ್ನೇ ಮೂಗಿನ ಪಕ್ಕಕ್ಕೆ ತಿಕ್ಕುತ್ತಿದ್ದ. ಥೂ! ಅದನ್ನು ಕಂಡಾಗಲೆಲ್ಲ ಇಂದುಮತಿ ಮುಖ ತಿರುಗಿಸಿ ಎದ್ದು ಹೋಗುತ್ತಿದ್ದಳು. ಹೊಲಸೆಲ್ಲ ಕಪಾಟಿನೊಳಗೇ ಇದೆಯಲ್ಲ, ದೇವರ ಮಂಟಪ ತನ್ನದಲ್ಲವೇ ಎಂದು ಸಹಿಸಿಕೊಂಡಿದ್ದಳು.

ಈ ಸಲ ಮೈಸೂರಿನಿಂದ ತಂದ ಮಣ್ಣಿನ ಗಣಪತಿ ಸೂಟ್‌ಕೇಸಿನಲ್ಲಿ ಹೇಗೋ ಒಡೆಯದೆ ಉಳಿದುಕೊಂಡ, ಜೊತೆಗಿದ್ದ ಇಲಿ ಮಾತ್ರ ಪುಡಿಪುಡಿ. ಚೌತಿಯ ಬೆಳಿಗ್ಗೆ ಕಡುಬು ಬೇಯಿಸಿ ಇಂದುಮತಿ ಹಾಲ್‌ಗೆ ಬಂದರೆ, ಗಣಪತಿಯ ಪಾದದ ಬಳಿ ದಂತದ ಇಲಿ ಕೂತಿದೆ! ಗಂಡನ ಮೂಗಿನ ಜಿಡ್ಡಿಗೆ ಮಿರಮಿರ ಮಿಂಚುತ್ತಿದೆ.

ಪೂಜೆಗೆ ಬಂದಿದ್ದ ಹರ್ಷವರ್ಧನ್, "ಸಖತ್ ಕ್ಯೂಟಾಗಿದೆ ಅಂಕಲ್" ಎಂದು ಫೋಟೊ ತೆಗೆಯುತ್ತಿದ್ದ.

"ಪ್ರಾಣಪ್ರತಿಷ್ಠೆ ಮಾಡೋಣ, ಅಕ್ಷತೆ ಕೊಡು," ವಸಂತಕುಮಾರ್ ಕೈಚಾಚಿದ.

"ಮೊದ್ಲು ಆ ಇಲಿ ತೆಗೀರಿ."

"ಯಾಕೆ? ನೂರು ವರ್ಷದ್ದು. ಆ ಆನೆ ಯಾವಾಗ್ಲೋ ಸತ್ತಿದೆ."

"ಸತ್ತಿದ್ದಲ್ಲ, ಕೊಂದಿದ್ದು. ಅದರ ಹಲ್ಲನ್ನೇ ಮುಂದಿಟ್ಕೊಂಡು ಆನೆಮೊಗದವನಿಗೆ ಪ್ರಾಣ ತುಂಬ್ತೀರಾ? ಅಸಹ್ಯ ಅನ್ಸಲ್ವಾ?"

"ಎಲ್ಲರ ಮುಂದೆ ಸೀನ್ ಮಾಡ್ಬೇಡ. ಕೂರಿಸಿ ಆಯ್ತು, ಇನ್ನು ಅಲುಗಿಸೋ ಹಾಗಿಲ್ಲ."

"ಅಲುಗಿಸಬಾರದು ಪ್ರಾಣ ಬಂದ್ಮೇಲೆ. ಇನ್ನೂ ಬಂದಿಲ್ವಲ್ಲ!"

ಇಂದುಮತಿ ಗಣಪತಿಯನ್ನಷ್ಟೇ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಕುಕ್ಕರ್ ಸರಿಸಿ ಕಟ್ಟೆಯ ಮೇಲೆ ಕೂರಿಸಿದಳು. ಹರ್ಷವರ್ಧನನ ಹೆಂಡತಿ ಚಿನ್ಮಯಿ ಹೂವಿನ ತಟ್ಟೆ ಹಿಡಿದು ಹಿಂದೆಯೇ ಬಂದಳು. ಅವನೂ ಫೋನು ಜೇಬಿಗಿಟ್ಟು ಮೆಲ್ಲಗೆ ಎದ್ದ.

"ಪಂಚೆ ಉಟ್ಕೊಂಡು ಕೂತಿದೀನಿ ಕಣೆ!" ಹಾಲ್‌ನಿಂದ ವಸಂತಕುಮಾರ್ ಕೂಗಿದ. "ನಾನ್ಯಾರಿಗೆ ಪೂಜೆ ಮಾಡ್ಲಿ?"

"ಇಲಿಗೇ ಮಾಡಿ," ಎಂದು ಇಂದುಮತಿ ಅಕ್ಷತೆ ಕೈಗೆತ್ತಿಕೊಂಡಳು. "ಮಂತ್ರ ಗಟ್ಟಿಯಾಗಿ ಹೇಳಿ. ಪ್ರಾಣ ಬಂದ್ರೆ ನಮ್ಮನ್ನೂ ಕರೀರಿ."